ನಡುಗದ ಆಟೊ

ಹೊಸಪೇಟೆಯ ಶೇರ್ ಆಟೊ ಸ್ಟ್ಯಾಂಡಿನಲ್ಲಿ ಒಂದು ಪದ್ಧತಿಯಿದೆ. ಎಂಜಿನ್ ಚಾಲೂ ಆಗಿ ಗಾಡಿ ಗಡಗಡ ನಡುಗುತ್ತಿದ್ದರೆ ಈಗಲೇ ಹೊರಡುತ್ತದೆ ಎಂದರ್ಥ. ಇಲ್ಲದಿದ್ದರೆ ಯಾರೂ ಹತ್ತುವುದಿಲ್ಲ. ಶಾರದಕ್ಕನ ಹೊಸ ಬ್ಯಾಟರಿ ಆಟೊ ನಡುಗುವುದೇ ಇಲ್ಲ. ಪಾಳಿ ಅವರದಾಗಿದ್ದರೂ ಒಳಗೆ ಕೂತಿದ್ದವನು ನಾನೊಬ್ಬನೇ.

"ಪಾಪಿನಾಯಕನಹಳ್ಳಿ! ಬರ್ರಿ ಅಜ್ಜಿ, ಕುಂದ್ರಿ," ಎಂದು ಶಾರದಕ್ಕ ಚಾಲಕರ ಸೀಟಿನಿಂದಲೇ ಕರೆದರು.

ಸಂತೆಚೀಲ ಹಿಡಿದಿದ್ದ ಅಜ್ಜಿ ಗಾಡಿಯ ಬೆನ್ನು ಮುಟ್ಟಿ ನೋಡಿದರು. "ಬ್ಯಾಡವ್ವ. ಇನ್ನೂ ಚಾಲೂನ ಮಾಡಿಲ್ಲ ನೀನು."

"ಚಾಲೂ ಐತ್ರಿ!"

"ಸುಳ್ಳು ಹೇಳಬ್ಯಾಡ."

ಮುಂದಿನ ಪಾಳಿಗೆ ಹಿಂದೆ ಕಾದಿದ್ದ ಡೀಸೆಲ್ ಆಟೊದ ಕಾಸಿಮಣ್ಣನಿಗೆ ನಗು ತಡೆಯಲಾಗಲಿಲ್ಲ. ಅವರು ಅಜ್ಜಿಯನ್ನು ತಮ್ಮ ಗಾಡಿಗೇ ಹತ್ತಿಸಿಕೊಳ್ಳಬಹುದಿತ್ತು. ಬದಲಿಗೆ ಅದನ್ನು ತಂದು ಶಾರದಕ್ಕನ ಗಾಡಿಗೆ ಒತ್ತಿ ನಿಲ್ಲಿಸಿ, ಎಂಜಿನ್ ಗುರ್ರೆನ್ನಿಸಿ, "ಹೊಂಟೈತಿ! ಜಲ್ದಿ ಹತ್ರಿ!" ಎಂದು ಕೂಗಿದರು. ಕಪ್ಪು ಹೊಗೆಯೊಳಗೆ ಕೆಮ್ಮುತ್ತಲೇ ಅಜ್ಜಿ ನೆಮ್ಮದಿಯಿಂದ ನನ್ನ ಪಕ್ಕ ಬಂದು ಕೂತರು. ಅವರ ಬೆನ್ನಿಗೇ ಉಳಿದವರೂ ಹತ್ತಿದರು.

"ಸದ್ದು ನಂದು, ಸೀಟು ನಿಂದು. ನಡಿ ತಂಗಿ," ಎಂದರು ಕಾಸಿಮಣ್ಣ.

ಊರು ದಾಟುತ್ತಲೇ ಗಾಡಿಯೊಳಗೆ ಪಿಸುಮಾತೂ ಕೇಳಿಸತೊಡಗಿತು, ರಸ್ತೆ ಬದಿಯ ಕಾಲುವೆಯ ನೀರಿನ ಸದ್ದೂ ಕೇಳಿಸಿತು. ಅಜ್ಜಿ ಮಾತ್ರ ಚೀಲ ತಬ್ಬಿಕೊಂಡು ನಿದ್ದೆಹೋಗಿದ್ದರು. ಶಾರದಕ್ಕ ಎಬ್ಬಿಸಿದಾಗ ರೇಗಿದರು.

"ಬಂದ್ ಮಾಡಿದೇನ? ಇನ್ನೂ ಹೊಂಟಿಲ್ಲ?"

"ನಿಮ್ಮೂರು ಬಂತ್ರಿ ಅಜ್ಜಿ."

ಅಜ್ಜಿ ತಮ್ಮ ಊರನ್ನೂ ಆಟೊವನ್ನೂ ಮಿಕಮಿಕ ನೋಡಿದರು. ಕೆಳಗಿಳಿದು, ಎಮ್ಮೆಯ ಮೈ ಸವರುವಂತೆ ಗಾಡಿಯ ಬೆನ್ನು ಸವರಿದರು.

"ಭಾಳ ಸಾಧು ಐತವ್ವ ಇದು. ಹೆಚ್ಚು ದುಡಿಸಬ್ಯಾಡ."