ಕೊಟ್ಟವರ ಹೆಸರಿನ ಕಪಾಟು

ಕಾವೇರಮ್ಮನವರ ಕೈಗೆ ಪುಸ್ತಕ ಕೊಟ್ಟರೆ ಅವರು ಮೊದಲು ತೆರೆದು ನೋಡುವುದಿಲ್ಲ, ಮೂಸಿ ನೋಡುತ್ತಾರೆ. ಬೂಷ್ಟು ಹಿಡಿದಿದೆಯೋ ಇಲ್ಲವೋ ಮೂಗಿಗೇ ಗೊತ್ತಾಗಬೇಕಂತೆ. ಮಳೆಗಾಲ ಮುಗಿದ ಮೇಲೆ ದೇಶದ ರಾಜಧಾನಿಯ ಮಯೂರ್ ವಿಹಾರದಲ್ಲಿರುವ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ತಾರಸಿಯಲ್ಲಿ ಹಳೆಯ ಸೀರೆ ಹಾಸಿ, ಲೈಬ್ರರಿಯ ಪುಸ್ತಕಗಳನ್ನು ಹಪ್ಪಳದ ಹಾಗೆ ಹರವುತ್ತಾರೆ. ಕೋತಿ ಕಾಯುವ ಕೆಲಸ ನನ್ನದು. ಸಚಿವಾಲಯದಲ್ಲಿ ಜೀವಮಾನವೆಲ್ಲ ಫೈಲು ನೋಡಿದ ರಘುನಂದನ್ ಎಂಬ ನಾನು, ನಿವೃತ್ತಿಯಾದ ಮೇಲೆ ಕೋಲು ಹಿಡಿದು ಕೋತಿ ಓಡಿಸುತ್ತೇನೆ. ಬಡ್ತಿ ಅಂದರೆ ಇದಪ್ಪಾ!

ಕಾವೇರಮ್ಮ ಕೊಡಗಿನವರು. ಗಂಡ ಬಿದ್ದಯ್ಯ ಸೈನ್ಯದಲ್ಲಿ ಸುಬೇದಾರರಾಗಿದ್ದರು. ಅಂಬಾಲ, ಝಾನ್ಸಿ, ಜೋಧಪುರ ಎಂದು ವರ್ಗವಾದಲ್ಲೆಲ್ಲ ಈಕೆ ಅಲ್ಲಿನ ಶಾಲೆಯ ಲೈಬ್ರರಿಯಲ್ಲಿ ಕೆಲಸ ಹಿಡಿದರು. ಅದಕ್ಕೆ ಬೇಕಾದ ಡಿಗ್ರಿ ಇತ್ತು, ಡಿಗ್ರಿಯ ಜಂಬವೂ ತುಸು ಇತ್ತು. ಕೊನೆಗೆ ಗಂಡಹೆಂಡತಿ ಇಲ್ಲೇ ಫ್ಲ್ಯಾಟ್ ಕೊಂಡು, ಸೊಸೈಟಿಯ ಒಂದು ಖಾಲಿ ಕೋಣೆಯನ್ನು ಕೇಳಿ ಪಡೆದು ಕನ್ನಡ ಲೈಬ್ರರಿ ಶುರುಮಾಡಿದರು. ಬಿದ್ದಯ್ಯ ತೀರಿಕೊಂಡಾಗ ಮೈಸೂರಿನ ಮಗಳು ಬಂದು ಕರೆದಳು. "ಈ ಪುಸ್ತಕಗಳನ್ನ ಯಾರ ಕೈಲಿ ಬಿಟ್ಟು ಬರ್ಲಿ?" ಎಂದು ಇವರು ಹೋಗಲಿಲ್ಲ.

ನಮ್ಮ ಲೈಬ್ರರಿಗೆ ಪುಸ್ತಕ ಬರುವ ದಾರಿಯೇ ಬೇರೆ. ಇಲ್ಲಿ ಸೈನ್ಯದವರಿಗೂ ಸರಕಾರಿ ನೌಕರರಿಗೂ ವರ್ಗದ ಆರ್ಡರ್ ಯಾವತ್ತು ಬರುತ್ತದೋ ಹೇಳಲಾಗದು. ಬಂದ ದಿನ ಗಂಡಹೆಂಡಿರ ಮೊದಲ ಜಗಳ ಪುಸ್ತಕಗಳ ಮೇಲೆಯೇ. ಹೊತ್ತೊಯ್ಯಲು ಭಾರ, ಹಳೇ ಪೇಪರ್ ಕೊಳ್ಳುವ ಕಬಾಡಿವಾಲಾ ಭಯ್ಯಾನಿಗೆ ಹಾಕಲು ಮನಸ್ಸು ಬಾರದು. ಹಾಗಾಗಿ ತಗಡಿನ ಟ್ರಂಕಿನಲ್ಲಿ ತುಂಬಿ, ಮೇಲೆ ಬಿಳಿ ಬಣ್ಣದಲ್ಲಿ ಯಜಮಾನರ ಹೆಸರು ಬರೆದು, ನಮ್ಮ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ಒಂದು ಮನೆಯ ಪುಸ್ತಕಗಳಿಗೆ ಒಂದು ಕಪಾಟು. ಬರೆದವರ ಹೆಸರು ಯಾರಿಗೂ ನೆನಪಿರುವುದಿಲ್ಲ. "ಪೊನ್ನಣ್ಣನವರ ಬೇಟೆ ಪುಸ್ತಕ ಇದ್ಯಾ?" "ವೆಂಕಟಸುಬ್ಬಯ್ಯನವರ ಕಪಾಟಿಂದ ನಗಿಸೋದು ಏನಾದ್ರೂ ಕೊಡಿ." ಇದೇ ನಮ್ಮವರು ಪುಸ್ತಕ ಕೇಳುವ ರೀತಿ.

ಡಿಗ್ರಿ ಓದಿದ ಕಾವೇರಮ್ಮನವರಿಗೆ ಇದು ಕಣ್ಣಲ್ಲಿ ಬಿದ್ದ ಕಸವಾಗಿತ್ತು. ಕಳೆದ ವರ್ಷ ಸೊಸೈಟಿಯ ಕಾರ್ಯದರ್ಶಿ ಮನೋಜ್ ಲೈಬ್ರರಿಗೊಂದು ಲ್ಯಾಪ್‌ಟಾಪು ತಂದು, ಪುಸ್ತಕ ಹುಡುಕುವ ಸಾಫ್ಟ್‌ವೇರ್ ಹಾಕಿಕೊಟ್ಟ. ಈ ಮನೋಜ್, ತೀರಿಕೊಂಡ ವೆಂಕಟಸುಬ್ಬಯ್ಯನವರ ಮಗನೇ. ಅವರು ಹೋದ ಮೇಲೆ ಮನೆಯವರು ಅವರ ಪುಸ್ತಕಗಳ ಟ್ರಂಕನ್ನು ನಮಗೆ ಕೊಟ್ಟಿದ್ದರು. ನೋಯ್ಡಾದಲ್ಲಿ ಐಟಿ ಕೆಲಸ. ಇನ್ನು ಮನೆಯಲ್ಲೇ ಕೂತು ಫೋನಿನಲ್ಲಿ ಟೈಪ್ ಮಾಡಿದರೆ ಪುಸ್ತಕ ಇದೆಯೋ ಇಲ್ಲವೋ ತಿಳಿಯುತ್ತದೆ. ಕಾವೇರಮ್ಮನವರ ಸಂತೋಷ ಹೇಳತೀರದು. ಚಳಿಗಾಲವೆಲ್ಲ ಶಾಲು ಹೊದ್ದು ಕೂತು ಪ್ರತಿ ಪುಸ್ತಕದ ಶೀರ್ಷಿಕೆ, ಲೇಖಕ, ವಿಷಯ ತುಂಬಿಸಿದರು. ಕಪಾಟುಗಳ ಮೇಲೆ ಅಂಟಿಸಿದ್ದ ಹೆಸರುಗಳನ್ನು ಬಿಸಿನೀರು ಹಚ್ಚಿ ಕಿತ್ತರು. ಪುಸ್ತಕಗಳನ್ನೆಲ್ಲ ವಿಷಯದ ಪ್ರಕಾರ ಬೇರೆ ಜೋಡಿಸಿದರು.

"ಕೊಟ್ಟವರ ಹೆಸರು ಇದ್ರೆ ನಿಮಗೇನು ಕಷ್ಟ ಕಾವೇರಮ್ಮ?" ಎಂದು ನಾನು ಕೂಗಾಡಿದೆ.

"ಕೊಟ್ಟವರು ಪುಸ್ತಕ ಬರೆದ್ರಾ? ಇದು ಲೈಬ್ರರಿ, ಮದುವೆಮನೆಯ ಉಡುಗೊರೆ ಟೇಬಲ್ ಅಲ್ಲ," ಎಂದರು. ಅವರ ಹಟ ಗೊತ್ತಿದ್ದ ನಾನು ಕಿತ್ತ ಚೀಟಿಗಳನ್ನು ಗುಡಿಸಿ ಹಾಕಿದೆ.

ಆಮೇಲೆ ಒಬ್ಬೊಬ್ಬರಾಗಿ ಜನ ಬರುವುದೇ ನಿಂತಿತು. ಬೇಸಗೆಯ ಹೊತ್ತಿಗೆ ಲೈಬ್ರರಿಯಲ್ಲಿ ನಾವಿಬ್ಬರು ಮತ್ತು ಕೂಲರು. ಅತ್ತ ಗೇಟಿನ ಬಳಿ ಆನ್‌ಲೈನ್ ಪಾರ್ಸಲ್‌ಗಳು ರಾಶಿ ಬೀಳುತ್ತಿದ್ದವು. ಒಂದು ಸಂಜೆ ಮನೋಜ್ ಬಾಗಿಲಲ್ಲಿ ನಿಂತ.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ಪಾರ್ಸಲ್ ಇಡೋಕೆ ಈ ರೂಮ್ ಬೇಕು ಅಂತ ಕಮಿಟಿ ಹೇಳ್ತಿದೆ. ಸಂಡೇ ಮೀಟಿಂಗ್. ನಾನೂ ಚೆಕ್ ಮಾಡ್ದೆ, ಕೋಯಿ ಬುಕ್ಸ್ ಲೇತಾ ಹೀ ನಹೀಂ, ಯಾರೂ ತಗೊಳ್ತಾನೇ ಇಲ್ಲ. ಯಾವುದಾದ್ರೂ ಎನ್‌ಜಿಒಗೆ ಕೊಟ್ಟುಬಿಡೋಣ."

"ಅಚ್ಛಾ! ಎನ್‌ಜಿಒದವರು ಕನ್ನಡ ಓದ್ತಾರೇನಪ್ಪಾ?" ಎಂದೆ. ನನಗೆ ಮೈಯೆಲ್ಲ ಉರಿದುಹೋಗಿತ್ತು. ಅವನು ಹೋದ ಮೇಲೆ ತಿರುಗಿ ನೋಡಿದರೆ ಕಾವೇರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಬಿದ್ದಯ್ಯ ಹೋದಾಗಲೂ ಅವರು ನಮ್ಮೆದುರು ಅತ್ತಿರಲಿಲ್ಲ.

ಮಾರನೆಯ ಮಧ್ಯಾಹ್ನ ಫೋನು. "ಬೇಗ ಬನ್ನಿ ರಘುನಂದನ್, ಚಪ್ಪಲಿ ಹಾಕ್ಕೊಳ್ಳದೆ ಬಂದ್ರೂ ಪರವಾಗಿಲ್ಲ."

ಆ ಸಾಫ್ಟ್‌ವೇರಿನಲ್ಲಿ ಒಂದು ಪುಟವಿದೆ. ಜನ ಹುಡುಕಿಯೂ ಸಿಗದೇ ಹೋದದ್ದೆಲ್ಲ ಅಲ್ಲಿ ಉಳಿದಿರುತ್ತದೆ. ಮುಂದೆ ಯಾವ ಪುಸ್ತಕ ತರಿಸಬೇಕು ಎಂದು ತಿಳಿಯಲಿ ಅಂತ. ಲೈಬ್ರರಿ ಮುಚ್ಚುವ ಮುಂಚೆ ಎಲ್ಲವನ್ನೂ ಒಮ್ಮೆ ನೋಡಿಬಿಡೋಣ ಎಂದು ಕಾವೇರಮ್ಮ ಅದನ್ನು ತೆರೆದಿದ್ದರು. ಪರದೆಯ ತುಂಬ ನಮ್ಮ ಜನವೇ! ‘ಪೊನ್ನಣ್ಣ ಅಂಕಲ್ ಬೇಟೆ ಪುಸ್ತಕ’, ಸಿಗಲಿಲ್ಲ. ‘ಬಿದ್ದಯ್ಯ ಸುಬೇದಾರರ ಕಪಾಟು’, ಸಿಗಲಿಲ್ಲ. ‘ನಮ್ಮ ಯಜಮಾನರ ನಗೆ ಪುಸ್ತಕ’, ಸಿಗಲಿಲ್ಲ. ಈ ಕೊನೆಯದನ್ನು ಯಾರೋ ಮತ್ತೆ ಮತ್ತೆ ಹುಡುಕಿದ್ದರು.

"ಅಯ್ಯೋ ದೇವರೇ, ಜನ ಬರ್ತಾನೇ ಇದ್ರು! ನಾನೇ ಬಾಗಿಲಲ್ಲಿ ನಿಂತು ಇಲ್ಲ ಇಲ್ಲ ಅಂತ ಕಳಿಸಿದ ಹಾಗಾಯ್ತಲ್ಲ," ಎಂದು ಹಣೆ ಚಚ್ಚಿಕೊಂಡರು. ನಾನು ಆಗಲೇ ಹೇಳಿದ್ದೆ ಎನ್ನಲು ನಾಲಿಗೆ ತುರಿಸಿತು; ಅವರ ಮುಖ ನೋಡಿ ನುಂಗಿಕೊಂಡೆ.

ಕುರ್ಚಿ ಎಳೆದುಕೊಂಡು ಇಬ್ಬರೂ ಕೂತೆವು. ಪ್ರತಿ ಪುಸ್ತಕದ ವಿವರಕ್ಕೆ ಎರಡು ಹೊಸ ಸಾಲು ಸೇರಿಸುವುದು: ಕೊಟ್ಟವರು ಯಾರು, ಜನ ಅದನ್ನು ಏನೆಂದು ಕೇಳುತ್ತಾರೆ. ಹೆಚ್ಚಿನ ಪುಸ್ತಕಗಳ ಮೊದಲ ಪುಟದಲ್ಲಿ ಹೆಸರು ಬರೆದಿತ್ತು. ಇಲ್ಲದ್ದನ್ನು ಕಾವೇರಮ್ಮ ಮೂಸಿದರು. "ಇದು ನುಸಿಗುಳಿಗೆ ವಾಸನೆ, ಪೊನ್ನಣ್ಣನವರದ್ದೇ. ಅವರ ಮನೆಯಲ್ಲಿ ಮನುಷ್ಯರೂ ಇದೇ ವಾಸನೆ!" ಎಂದು ನಕ್ಕರು. ಮೂಗಿಗೂ ತಿಳಿಯದಿದ್ದಾಗ ಆಯಾ ಮನೆಯವರಿಗೇ ಫೋನ್ ಮಾಡಿದೆವು. ಭಾನುವಾರದೊಳಗೆ ಎಲ್ಲ ಮುಗಿಯಲಿಲ್ಲ, ಮುಗಿದಷ್ಟನ್ನೇ ನಂಬಿಕೊಂಡು ಮೀಟಿಂಗಿಗೆ ಹೋದೆವು.

ಮೀಟಿಂಗಿನಲ್ಲಿ ಕಾವೇರಮ್ಮ ಸುತ್ತುಬಳಸದೆ ಹೇಳಿದರು: "ತಪ್ಪು ನಂದು. ಪುಸ್ತಕ ಹೇಗೆ ಜೋಡಿಸ್ಬೇಕು ಅಂತ ಓದಿದ್ದೆ, ಜನ ಹೇಗೆ ಕೇಳ್ತಾರೆ ಅನ್ನೋದನ್ನ ಮರೆತೆ. ಯಾರೂ ಬರ್ತಿಲ್ಲ ಅಂತ ಮನೋಜ್ ಹೇಳ್ತಾನೆ. ಬಂದವರು ಇಲ್ಲಿದ್ದಾರೆ, ಅವನೇ ಓದಿ ಹೇಳ್ಲಿ." ಆ ಪುಟ ತೆರೆದು ಲ್ಯಾಪ್‌ಟಾಪನ್ನು ಅವನ ಮುಂದೆ ತಳ್ಳಿದರು.

ಮನೋಜ್ ತಡವರಿಸುತ್ತ ಕನ್ನಡ ಓದಿದ. ಬೇಟೆ ಪುಸ್ತಕಕ್ಕೆ ಎಲ್ಲರೂ ನಕ್ಕರು. ಆಮೇಲೆ ಅವನೇ ನಕ್ಕ. "ಅರೇ, ನಮ್ಮ ಯಜಮಾನರ ನಗೆ ಪುಸ್ತಕ! ಯಾರ ಯಜಮಾನ್ರು? ಮೆಷಿನ್‌ಗೆ ಹೇಗೆ ಗೊತ್ತಾಗ್ಬೇಕು? ಕೌನ್ ಐಸೇ ಸರ್ಚ್ ಕರ್ತಾ ಹೈ? ಹೀಗೆ ಯಾರು ಹುಡುಕ್ತಾರೆ?"

"ನಾನು ಕಣೋ," ಎಂದಿತು ಹಿಂದಿನ ಕುರ್ಚಿ.

ಅವನ ತಾಯಿ ಸುಶೀಲಮ್ಮ. ಮಂಡಿನೋವೆಂದು ಮನೆಯಿಂದ ಇಳಿಯದವರು ಅಂದು ಕೋಲೂರಿಕೊಂಡು ಬಂದಿದ್ದರು.

"ಅಮ್ಮಾ... ಅಪ್ಪನ ಹೆಸರು ಟೈಪ್ ಮಾಡ್ಬೇಕಿತ್ತಲ್ವಾ?"

"ಗಂಡನ ಹೆಸರು ಹಿಡಿದು ಕರೀತಾರೇನೋ? ಇದ್ದಾಗ ಕರೀಲಿಲ್ಲ, ಈಗ ಕರೀಲಾ? ರಾತ್ರಿ ಊಟ ಆದ್ಮೇಲೆ ಅವರು ಓದಿ ಹೇಳೋರು, ನಾನು ನಗೋಳು. ಆ ಪುಸ್ತಕ ಒಂದ್ಸಲ ನೋಡೋಣ ಅಂದ್ರೆ, ನಿನ್ನ ಮೆಷಿನ್ನು ಇಲ್ಲ ಇಲ್ಲ ಅನ್ನುತ್ತೆ."

ಮನೋಜನ ನಗು ಇಳಿದುಹೋಯಿತು. ಕಾವೇರಮ್ಮ ಮೆಲ್ಲಗೆ, "ಈಗ ಹುಡುಕು ಮಗಾ. ಅವರು ಬರೆದ ಹಾಗೇ ಬರಿ," ಎಂದರು. ಅವನು ಒಂದೊಂದೇ ಅಕ್ಷರ ಒತ್ತಿದ. ವೆಂಕಟಸುಬ್ಬಯ್ಯನವರ ಟ್ರಂಕಿನ ನಗೆ ಪುಸ್ತಕಗಳೆಲ್ಲ ಸಾಲಾಗಿ ಬಂದವು. ಟೈಪ್ ಮಾಡಿದವರು ಯಾರೆಂದು ಕಾವೇರಮ್ಮನವರಿಗೆ ಮೊದಲೇ ಅನುಮಾನವಿತ್ತು. ನಮ್ಮಲ್ಲಿ ಆ ಥರದ ಪುಸ್ತಕ ಕೊಟ್ಟಿದ್ದು ಅದೊಂದೇ ಮನೆ; ಅದಕ್ಕೇ ಜನ ಏನೆಂದು ಕೇಳುತ್ತಾರೆ ಎಂಬ ಸಾಲಿನಲ್ಲಿ ಆ ಮಾತನ್ನೇ ತುಂಬಿದ್ದರು.

ಮನೋಜ್ ಲ್ಯಾಪ್‌ಟಾಪನ್ನು ಹಿಂದಿನ ಕುರ್ಚಿಯ ತನಕ ಒಯ್ದು ತಾಯಿಯ ಮುಂದೆ ಹಿಡಿದ. ಆಮೇಲೆ ಕಮಿಟಿಯವರ ಕಡೆ ತಿರುಗಿ, "ಪಾರ್ಸಲ್‌ಗೆ ಗೇಟ್ ಹತ್ರ ಶೆಡ್ ಹಾಕೋಣ. ಚಲೋ, ನೆಕ್ಸ್ಟ್ ಪಾಯಿಂಟ್," ಎಂದ.

ಸುಶೀಲಮ್ಮ ಅಷ್ಟಕ್ಕೆ ಬಿಟ್ಟಾರೆಯೇ! ಲ್ಯಾಪ್‌ಟಾಪು ಎಳೆದುಕೊಂಡು ಮಗನ ಹೆಸರು ಒತ್ತಿದರು. ಏನೂ ಬರಲಿಲ್ಲ. "ನಿನ್ನ ಹೆಸರಲ್ಲಿ ಒಂದೂ ಇಲ್ವಲ್ಲೋ!" ಎಂದಾಗ ಇಡೀ ಸಭೆ ನಕ್ಕಿತು.

ಹದಿನೈದು ದಿನ ಬಿಟ್ಟು ಲೈಬ್ರರಿಗೆ ಒಂದು ಪಾರ್ಸಲ್ ಬಂತು. ಮನೋಜ್ ತರಿಸಿದ ಹೊಸ ಕನ್ನಡ ಪುಸ್ತಕಗಳು. ಕಾವೇರಮ್ಮ ಒಂದನ್ನು ತೆಗೆದು ಮೂಸಿದರು, ಮುಖ ಅರಳಿತು. ಕಂಪ್ಯೂಟರಿನಲ್ಲಿ ಕೊಟ್ಟವರು ಎಂಬ ಸಾಲಿಗೆ ‘ಮನೋಜ್’ ಎಂದು ಹಾಕಿದರು. ಜನ ಏನೆಂದು ಕೇಳುತ್ತಾರೆ ಎಂಬಲ್ಲಿ ಒಂದು ಕ್ಷಣ ತಡೆದು, ‘ಸುಶೀಲಮ್ಮನವರ ಮಗ ಕೊಟ್ಟ ಪುಸ್ತಕ’ ಎಂದು ಬರೆದರು.