ಇಸ್ತ್ರಿ ಗಾಡಿಗೆ ಮತ್ತೆ ಬಂದ ಬಟ್ಟೆಗಂಟು

ಶಿವಮೊಗ್ಗ ದುರ್ಗಿಗುಡಿಯ ಈ ಅಡ್ಡರಸ್ತೆಗೆ ಇನ್ನೂ ಹಾಲಿನ ಗಾಡಿ ಬಂದಿಲ್ಲ, ಶಕುಂತಲಮ್ಮ ಬಂದಾಗಿದೆ. ತಳ್ಳುಗಾಡಿಯ ಟಾರ್ಪಾಲು ಸರಿಸಿ, ಕಂಬಳಿಯ ಮೇಲೆ ಬಿಳಿ ಹಾಸು ಹಾಸಿ, ತೆಂಗಿನ ಚಿಪ್ಪಿನ ಇದ್ದಿಲಿಗೆ ಬೆಂಕಿ ತೋರಿಸಿ ರಟ್ಟಿನಿಂದ ಗಾಳಿ ಹಾಕುತ್ತಿದ್ದಾರೆ. ಕೈ ಇಲ್ಲಿದೆ, ಕಣ್ಣು ಮಾತ್ರ ನಾಲ್ಕು ಮನೆ ಆಚೆಯ ಹಸಿರು ಗೇಟಿನ ಮೇಲಿದೆ. ಆ ಮನೆಯ ವಾಣಿ ಟೀಚರು ಇವತ್ತು ಬೆಳಿಗ್ಗೆ ಬಟ್ಟೆ ತರುತ್ತೇನೆಂದು ಮಾತು ಕೊಟ್ಟಿದ್ದಾರೆ. ಮಗಳ ಮದುವೆಯ ಬಟ್ಟೆ. ಗೇಟು ಇನ್ನೂ ತೆರೆದಿಲ್ಲ.

“ಬರ್ತಾರೆ, ಬರ್ತಾರೆ. ಹೇಳಿದ್ಮೇಲೆ ಬರ್ದೆ ಇರ್ತಾರಾ?” ಎನ್ನುತ್ತಾರೆ. ಯಾರೂ ಕೇಳಿಲ್ಲ, ತಮಗೆ ತಾವೇ ಹೇಳಿಕೊಳ್ಳುವ ಮಾತು ಅದು. ಸ್ವಲ್ಪ ಹೊತ್ತಾದ ಮೇಲೆ, “ರಾತ್ರಿ ಮನಸ್ಸು ಬದ್ಲಾಯಿಸ್ಬಿಟ್ಟಿದ್ರೆ ಏನ್ಮಾಡೋದು?” ಎಂದು ತಾವೇ ಕೇಳುತ್ತಾರೆ.

ಒಂದು ಗಂಟು ಬಟ್ಟೆಗೆ ಇಷ್ಟು ತಳಮಳ ಏಕೆ ಎಂದು ನಗಬೇಡಿ. ಒಂದು ತಿಂಗಳಿಂದ ಈ ಬೀದಿಯ ಯಾವ ಮನೆಯೂ ಶಕುಂತಲಮ್ಮನ ಗಾಡಿಗೆ ಒಂದು ಕರ್ಚೀಫನ್ನೂ ಕೊಟ್ಟಿಲ್ಲ. ಎರಡನೇ ಲಾಕ್‌ಡೌನ್ ಮುಗಿದು ಅಂಗಡಿಗಳೆಲ್ಲ ಒಂದೊಂದಾಗಿ ಶಟರ್ ಎತ್ತಿವೆ, ಬಸ್ಸುಗಳು ಓಡುತ್ತಿವೆ, ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗವಿಲ್ಲ. ಇವರ ಗಾಡಿ ಮಾತ್ರ ತೆರೆದೂ ತೆರೆದಂತಿಲ್ಲ. ಇವತ್ತಿನ ಗಂಟು ಬಂದು, ಯಾವ ತಂಟೆಯೂ ಇಲ್ಲದೆ ವಾಪಸು ಹೋದರೆ ಬೀದಿಯ ಉಳಿದ ಮನೆಗಳೂ ಬರಬಹುದು. ಬಾರದಿದ್ದರೆ ಗಾಡಿಯನ್ನು ತರಕಾರಿಯವರಿಗೆ ಕೊಟ್ಟುಬಿಡುವುದು ಎಂದು ಮನೆಯಲ್ಲಿ ಮಾತಾಗಿದೆ.

ಶಕುಂತಲಮ್ಮ ಹುಟ್ಟಿದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಮದುವೆಯಾಗಿ ಸೇರಿದ್ದು ನ್ಯೂ ಟೌನಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸ್ ಕಡೆಗೆ. ಗಂಡ ಹೊನ್ನಯ್ಯನದು ಅಪ್ಪನ ಕಾಲದಿಂದ ಬಂದ ಇಸ್ತ್ರಿ ಕಸುಬು. ಕಾರ್ಖಾನೆಯ ಸೈರನ್ನಿಗೆ ಮುಂಚೆ ಇಂಜಿನಿಯರುಗಳ ಬಿಳಿ ಶರ್ಟು ಮಡಿಕೆ ಮುರಿಯದೆ ಮನೆ ಸೇರಬೇಕು. ತಮಿಳಿನವರು, ತೆಲುಗಿನವರು, ಅವರವರ ಭಾಷೆಯಲ್ಲಿ ಅವಸರಪಡಿಸುವವರು. ಆಮೇಲೆ ಕಾರ್ಖಾನೆಯ ದಿನಗಳು ಇಳಿಮುಖವಾದವು, ಕ್ವಾರ್ಟರ್ಸು ಖಾಲಿಯಾಗುತ್ತ ಬಂತು. “ಒಂದೊಂದೇ ಮನೆಗೆ ಬೀಗ ಬಿತ್ತು. ಬೀಗಕ್ಕೆ ಇಸ್ತ್ರಿ ಹಾಕಕ್ಕಾಗುತ್ತಾ, ಹೇಳಿ?” ಎನ್ನುತ್ತಾರೆ. ಗಂಡ ಹೆಂಡತಿ ಇಬ್ಬರೂ ಮಗಳು ಭವಾನಿಯನ್ನು ಕಟ್ಟಿಕೊಂಡು ಶಿವಮೊಗ್ಗಕ್ಕೆ ಬಂದರು. ಇಲ್ಲಿ ಹೊನ್ನಯ್ಯನ ಮಂಡಿ ಕೈಕೊಟ್ಟಿತು, ನಿಂತು ಮಾಡುವ ಕೆಲಸ ಆಗದಾಯಿತು. ಇಸ್ತ್ರಿ ಪೆಟ್ಟಿಗೆ ಶಕುಂತಲಮ್ಮನ ಕೈಗೆ ಬಂತು.

ಕೊರೊನಾಕ್ಕೆ ಮುಂಚೆ ದಿನಕ್ಕೆ ಎಂಬತ್ತು ತೊಂಬತ್ತು ಬಟ್ಟೆ ಬರುತ್ತಿತ್ತಂತೆ. ಮೊದಲನೇ ಲಾಕ್‌ಡೌನ್ ಸಡಿಲವಾದಾಗ ಬಟ್ಟೆ ಬಂತು, ಆದರೆ ಬರೀ ಶರ್ಟು. ಪ್ಯಾಂಟಿಲ್ಲ. ಎಲ್ಲರೂ ಮನೆಯಲ್ಲೇ ಕುಳಿತು ಫೋನಿನ ಮುಂದೆ ಮೀಟಿಂಗ್ ಮಾಡುವವರು, ಪಾಠ ಹೇಳುವವರು. ಮೇಲಕ್ಕೆ ಗರಿಗರಿ ಶರ್ಟು, ಕೆಳಕ್ಕೆ ಏನೋ ಒಂದು. “ನಂಗೇನೋ ಗಾಬರಿ ಆಯ್ತು. ಇಡೀ ಬೀದಿ ಗಂಡಸ್ರು ಪ್ಯಾಂಟು ಬಿಟ್ಬಿಟ್ರಲ್ಲ ಅಂತ” ಎಂದು ಮಾಸ್ಕಿನೊಳಗೆ ನಗುತ್ತಾರೆ. ಕೆಲವರು ಆನ್‌ಲೈನಿನಲ್ಲಿ ಸ್ವಂತ ಇಸ್ತ್ರಿ ಪೆಟ್ಟಿಗೆ ತರಿಸಿಕೊಂಡರು. ಕೆಲವರು ಹಾಗೇ ಕೊಡವಿ ಹಾಕಿಕೊಳ್ಳುವ ಬಟ್ಟೆಗೆ ಒಗ್ಗಿಕೊಂಡರು. ಸಂಬಳ ಕಡಿತವಾದ ಮನೆಯಲ್ಲಿ ಮೊದಲು ನಿಲ್ಲುವುದು ಇಸ್ತ್ರಿಯೇ. ಅದು ಶಕುಂತಲಮ್ಮನಿಗೆ ಗೊತ್ತು, ಅದಕ್ಕೆ ಅವರಿಗೆ ಯಾರ ಮೇಲೂ ಕೋಪವಿಲ್ಲ. ಭವಾನಿ ಕೆಲಸ ಮಾಡುವ ಬಟ್ಟೆ ಅಂಗಡಿಯವರು ಹತ್ತಿ ಮಾಸ್ಕುಗಳನ್ನು ಇಸ್ತ್ರಿಗೆ ಕೊಟ್ಟರು. ಹೇಗೋ ಒಲೆ ಉರಿಯಿತು.

ಇಷ್ಟನ್ನೆಲ್ಲ ತಡೆದುಕೊಂಡ ಗಾಡಿಯನ್ನು ಕೆಡವಿದ್ದು ಒಂದು ಬಾಯಿ ನೀರು.

ಹಳೆಯ ಇಸ್ತ್ರಿಯವರು ಬಟ್ಟೆಗೆ ನೀರು ಚಿಮುಕಿಸುವುದನ್ನು ನೀವೂ ನೋಡಿರುತ್ತೀರಿ. ಬಾಯಿ ತುಂಬ ನೀರು ತುಂಬಿಕೊಂಡು, ತುಟಿ ಬಿಗಿ ಮಾಡಿ, ‘ಫುರ್‌’ ಎಂದು ಊದುತ್ತಾರೆ. ನೀರು ಹನಿಯಾಗದೆ ಹೊಗೆಯಂತೆ ಹರಡಿ ಬಟ್ಟೆಯ ಮೇಲೆ ಸಮನಾಗಿ ಕೂರುತ್ತದೆ. ಇದು ಸುಮ್ಮನೆ ಬರುವ ವಿದ್ಯೆಯಲ್ಲ. ಹೊನ್ನಯ್ಯ ಹೆಂಡತಿಗೆ ಮೊದಲು ಕಲಿಸಿದ್ದೇ ಅದನ್ನು. “ಮದ್ವೆಯಾದ ಹೊಸದ್ರಲ್ಲಿ ನನ್ನ ಮೈಯೆಲ್ಲ ನೀರು ಮಾಡಿದ್ಲು. ಆಮೇಲೆ ನನ್ಗಿಂತ ಚೆನ್ನಾಗಿ ಊದ್ತಿದ್ಲು” ಎಂದು ಹೊನ್ನಯ್ಯ ನೆನೆಯುತ್ತಾರೆ. ಕೊರೊನಾ ಬಂದ ದಿನವೇ ಭವಾನಿ ಅದನ್ನು ನಿಲ್ಲಿಸಿದ್ದಳು. ಒತ್ತಿದರೆ ನೀರು ಚಿಮ್ಮುವ ಬಾಟಲಿ ತಂದುಕೊಟ್ಟು, ಅಮ್ಮನಿಂದ ಆಣೆ ಹಾಕಿಸಿಕೊಂಡಿದ್ದಳು. ಒಂದು ವರ್ಷಕ್ಕೂ ಹೆಚ್ಚು ಕಾಲ ಆಣೆ ನಡೆಯಿತು.

ಹೋದ ತಿಂಗಳು, ಗಾಡಿ ಮತ್ತೆ ತೆರೆದ ಮೂರನೆಯದೋ ನಾಲ್ಕನೆಯದೋ ದಿನ. ಗಂಜಿ ಹಾಕಿದ ಹತ್ತಿ ಪಂಚೆಯೊಂದು ಒಣಗಿ ಹಪ್ಪಳವಾಗಿತ್ತು. ಬಾಟಲಿಯ ಬಾಯಿ ಕಟ್ಟಿಕೊಂಡಿತ್ತು, ಎಷ್ಟು ಒತ್ತಿದರೂ ನೀರಿಲ್ಲ. ಪೆಟ್ಟಿಗೆ ಕಾದಿದೆ, ಪಂಚೆ ಹಾಸಿದೆ. ಚೊಂಬು ಕೈಗೆ ಸಿಕ್ಕಿತು, ಮಾಸ್ಕು ಗದ್ದಕ್ಕೆ ಇಳಿಯಿತು, ‘ಫುರ್‌’ ಎಂದಿತು. ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಶ್ರೇಯಸ್ ಎಂಬ ವಿಮೆ ಕಂಪನಿಯ ಹುಡುಗ ಬಾಲ್ಕನಿಯಲ್ಲಿ ನಿಂತಿದ್ದ. ಅವನ ಕೈಯಲ್ಲಿ ಫೋನಿತ್ತು.

ವಿಡಿಯೊ ಬೀದಿಯ ವಾಟ್ಸ್ಆ್ಯಪ್ ಗುಂಪಿಗೆ ಹೋಗುವುದಕ್ಕೂ ಪಂಚೆ ಮಡಿಸಿ ಮುಗಿಯುವುದಕ್ಕೂ ಸರಿಹೋಯಿತು. ‘ನಮ್ಮ ಬಟ್ಟೆಗಳ ಗತಿ ನೋಡಿ’ ಎಂದು ಕೆಳಗೆ ಬರೆದಿದ್ದನಂತೆ. ಒಂದು ಗಂಟೆಯೊಳಗೆ ಒಬ್ಬೊಬ್ಬರೇ ಬಂದು, ಇಸ್ತ್ರಿಯಾದದ್ದು ಆಗದ್ದು ಎನ್ನದೆ, ಕೋಲಿನಲ್ಲಿ ಎತ್ತಿಕೊಂಡವರಂತೆ ಬಟ್ಟೆ ಎತ್ತಿಕೊಂಡು ಹೋದರು. ಅದೇ ಬೀದಿಯ ಎರಡು ಮನೆಗಳಲ್ಲಿ ಆ ಬೇಸಿಗೆಯಲ್ಲಿ ಕೊರೊನಾದಿಂದ ಸಾವಾಗಿತ್ತು. ಜನ ಹೆದರಿದ್ದು ಸುಳ್ಳಲ್ಲ.

“ತಪ್ಪು ನಂದೇ. ಇನ್ನೊಬ್ರ ಮೇಲೆ ಹಾಕಲ್ಲ” ಎನ್ನುತ್ತಾರೆ ಶಕುಂತಲಮ್ಮ. “ಕೈ ಕೆಲ್ಸ ಮಾಡ್ತಾ ಇರುತ್ತೆ, ಬಾಯಿ ತಾನಾಗೇ ಹೋಗ್ಬಿಡ್ತು. ಬೇಕಂತ ಮಾಡಿಲ್ಲ. ಆದ್ರೆ ಬೇಕಂತ ಮಾಡಿಲ್ಲ ಅಂತ ಯಾರಿಗೆ ಹೇಳ್ಲಿ? ಕೇಳೋಕೆ ಯಾರೂ ನಿಲ್ಲಲಿಲ್ಲ.” ಮನೆಗೆ ಹೋಗಿ ಅತ್ತರಂತೆ. ತಾವೇ ಪರೀಕ್ಷೆ ಮಾಡಿಸಿಕೊಂಡು ಬಂದು, ಏನೂ ಇಲ್ಲ ಎಂದು ಬಂದ ಚೀಟಿಯನ್ನು ಗಾಡಿಗೆ ಅಂಟಿಸಿದರಂತೆ. ಚೀಟಿ ಓದಲು ಹತ್ತಿರ ಬರಬೇಕಲ್ಲ, ಹತ್ತಿರವೇ ಯಾರೂ ಬರಲಿಲ್ಲ.

ಹಸಿರು ಗೇಟು ಕಿರುಗುಟ್ಟುತ್ತದೆ. ವಾಣಿ ಟೀಚರು ಬರುತ್ತಿದ್ದಾರೆ. ಒಂದು ಕೈಯಲ್ಲಿ ಬಟ್ಟೆಗಂಟು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿ. ಶಕುಂತಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಸ್ಯಾನಿಟೈಸರ್ ಹಚ್ಚಿಕೊಂಡು, ಮಾಸ್ಕನ್ನು ಮೂಗಿನ ಮೇಲೆ ಇನ್ನೊಮ್ಮೆ ಒತ್ತಿಕೊಳ್ಳುತ್ತಾರೆ.

ಟೀಚರ ಮಗಳು ಸುಮನಾಳ ಮದುವೆ ನಾಳಿದ್ದು, ಭದ್ರಾವತಿಯಲ್ಲಿ, ಹುಡುಗನ ಮನೆಯ ಟೆರೇಸಿನ ಮೇಲೆ. ಛತ್ರವಿಲ್ಲ, ವಾಲಗವಿಲ್ಲ, ಇಷ್ಟೇ ಜನ ಎಂಬ ಸರ್ಕಾರದ ಮಿತಿ. ಮದುಮಗಳಿಗೊಂದು ಬಿಟ್ಟರೆ ಯಾರಿಗೂ ಹೊಸ ಸೀರೆಯಿಲ್ಲ. “ಯಾರಿಗೆ ತೋರ್ಸಕ್ಕೆ ಹೊಸದು? ಬೀರೂನಲ್ಲಿ ಇರೋದನ್ನೇ ತೆಗೆದು ಉಟ್ಕೊಳ್ಳೋಣ ಅಂದ್ವಿ” ಎನ್ನುತ್ತಾರೆ ಟೀಚರು. ಹಾಗೆ ತೆಗೆದ ಹಳೇ ರೇಷ್ಮೆಗೆ ಮನೆಯಲ್ಲೇ, ಆನ್‌ಲೈನಿನಲ್ಲಿ ತರಿಸಿದ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡಲು ಹೋಗಿ, ಅವರ ಧಾರೆ ಸೀರೆಯ ಸೆರಗಿನಲ್ಲಿ ಅಂಗೈಯಗಲದ ಸುಟ್ಟ ಕಲೆ ಬಿದ್ದಿದೆ. ಅದನ್ನು ನೋಡಿದ ಮೇಲೇ ಶಕುಂತಲಮ್ಮನ ನೆನಪು ಬಂದದ್ದು. ಜನ ಕೈ ಬಿಗಿ ಮಾಡಿದ್ದರಿಂದ ಹೋದ ಕೆಲಸ, ಕೈ ಬಿಗಿ ಮಾಡಿದ್ದರಿಂದಲೇ ಈ ಮನೆಯಿಂದ ತಿರುಗಿ ಬಂದಿದೆ.

ಆದರೆ ಸುಮ್ಮನೆ ಬಂದಿಲ್ಲ. “ಬೇಜಾರು ಮಾಡ್ಕೋಬೇಡ ಮಾರಾಯ್ತಿ” ಎನ್ನುತ್ತಲೇ ಟೀಚರು ಗಾಡಿಯಿಂದ ಆರಡಿ ದೂರದಲ್ಲಿ ಕುರ್ಚಿ ಹಾಕುತ್ತಾರೆ. “ಹುಡುಗನ ಮನೇಲಿ ವಯಸ್ಸಾದ ಅಜ್ಜಿ ಇದಾರೆ. ನಾನು ಇಲ್ಲೇ ಕೂತಿರ್ತೀನಿ. ನಾಳೆ ಯಾರಾದ್ರೂ ಕೇಳಿದ್ರೆ, ನಾನೇ ಕಣ್ಣಾರೆ ನೋಡಿದೀನಿ ಅಂತ ಹೇಳ್ಬೇಕಲ್ಲ.”

“ಕೂತ್ಕೊಳ್ಳಿ ಟೀಚರೇ. ನೋಡಿದ್ರೇನೇ ನಂಗೂ ಒಳ್ಳೇದು” ಎನ್ನುತ್ತಾರೆ ಶಕುಂತಲಮ್ಮ. ಗಾಡಿಯನ್ನು ಅರ್ಧ ಸುತ್ತು ತಿರುಗಿಸಿ, ತಮ್ಮ ಮುಖ ಬೀದಿಗೆ ಕಾಣುವಂತೆ ನಿಲ್ಲುತ್ತಾರೆ. ಬೆಳಗಿನ ಬಿಸಿಲು ಈಗ ನೇರ ಕಣ್ಣಿಗೆ ಹೊಡೆಯುತ್ತದೆ. ಮೊದಲಾದರೆ ಗೋಡೆಯ ಕಡೆ ಮುಖ ಮಾಡಿ ನೆರಳಲ್ಲಿ ನಿಲ್ಲುತ್ತಿದ್ದರು.

ಕೆಲಸ ಶುರುವಾಗುತ್ತದೆ. ರೇಷ್ಮೆಗೆ ನೀರು ತಾಕಿಸುವಂತಿಲ್ಲ, ಒಂದು ಹನಿ ಬಿದ್ದರೂ ಕಲೆ ಉಳಿಯುತ್ತದೆ. ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಪೆಟ್ಟಿಗೆಯನ್ನು ಬಾಳೆ ಎಲೆಯ ಮೇಲೆ ಒಮ್ಮೆ ಎಳೆದು, ಬಿಸಿ ಇಳಿಸಿಕೊಂಡು, ಜರಿಯ ಅಂಚಿನುದ್ದಕ್ಕೆ ಮೆಲ್ಲನೆ ಸಾಗುತ್ತಾರೆ. ವರ್ಷಗಟ್ಟಲೆ ಬೀರುವಿನಲ್ಲಿ ಮುರುಟಿದ್ದ ಸೀರೆ ಹಗುರಾಗಿ ಬಿಚ್ಚಿಕೊಳ್ಳುತ್ತದೆ. ಟೀಚರ ಮುಖದ ಬಿಗಿಯೂ ಸ್ವಲ್ಪ ಸಡಿಲವಾಗುತ್ತದೆ. ಆಚೆ ಈಚೆ ಹೋಗುವವರು ಕುರ್ಚಿಯನ್ನು ನೋಡಿ, ಗಾಡಿಯನ್ನು ನೋಡಿ, ನಡಿಗೆ ನಿಧಾನ ಮಾಡುತ್ತಾರೆ. ಮಹಡಿಯ ಬಾಲ್ಕನಿಯಲ್ಲಿ ಶ್ರೇಯಸ್ ಕಾಫಿ ಲೋಟ ಹಿಡಿದು ನಿಂತಿದ್ದಾನೆ. ಶಕುಂತಲಮ್ಮ ಮೇಲೆ ನೋಡುವುದಿಲ್ಲ. ನಿಂತಿದ್ದಾನೆಂದು ಅವರಿಗೆ ಗೊತ್ತು.

ಹನ್ನೊಂದರ ಹೊತ್ತಿಗೆ ಸೀರೆಗಳು ಮುಗಿದು, ಗಂಡಸರ ಹತ್ತಿ ಪಂಚೆಗಳ ಸರದಿ ಬರುತ್ತದೆ. ಇಲ್ಲಿ ನೀರು ಬೇಕೇ ಬೇಕು. ಬಾಟಲಿಯನ್ನು ಎತ್ತಿ ಹಿಡಿದು, ಟೀಚರಿಗೆ ಕಾಣುವಂತೆ ಎರಡು ಸಲ ಗಾಳಿಯಲ್ಲಿ ಒತ್ತಿ ತೋರಿಸಿ, ಆಮೇಲೆ ಪಂಚೆಗೆ ಚಿಮ್ಮಿಸುತ್ತಾರೆ. ಬಿಸಿಲಿಗೆ ಪಂಚೆ ಬೇಗ ಒಣಗುತ್ತದೆ, ಮತ್ತೆ ಮತ್ತೆ ಒತ್ತಬೇಕು. ಕೆಂಡದ ಝಳ, ಮಾಸ್ಕಿನ ಸೆಕೆ. ಹಣೆಯ ಬೆವರು ಬಟ್ಟೆಯ ಮೇಲೆ ಬೀಳದಂತೆ ಗಳಿಗೆಗೊಮ್ಮೆ ಹಿಂದೆ ಸರಿದು ತೋಳಿನಿಂದ ಒರೆಸಿಕೊಳ್ಳುತ್ತಾರೆ. ಒಮ್ಮೆ ಕೆಮ್ಮು ಬಂದಾಗ ಪೆಟ್ಟಿಗೆ ಬದಿಗಿಟ್ಟು ಮೂಲೆಯ ಕರೆಂಟ್ ಕಂಬದವರೆಗೆ ಓಡಿಹೋಗಿ ಕೆಮ್ಮಿ ಬರುತ್ತಾರೆ. ಬಂದು, “ಹೊಗೆಗೆ ಟೀಚರೇ, ಹೊಗೆಗೆ ಬಂದಿದ್ದು” ಎಂದು ಸಮಜಾಯಿಷಿ ಕೊಡುತ್ತಾರೆ.

ಎರಡು ಪಂಚೆ ಉಳಿದಿರುವಾಗ ಗಾಡಿಯ ಅಂಚು ಹಿಡಿದುಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಾರೆ. ತಲೆ ಸುತ್ತು. ಟೀಚರು ಕುರ್ಚಿಯಿಂದ ಎದ್ದುಬಿಡುತ್ತಾರೆ.

“ಯಾಕೆ, ಏನಾಯ್ತು? ಬೆಳಿಗ್ಗೆಯಿಂದ ಒಂದು ಹನಿ ನೀರು ಕುಡ್ದಿಲ್ಲ ನೀನು.”

“ಆಮೇಲೆ ಕುಡೀತೀನಿ, ಮನೆಗೆ ಹೋಗಿ.”

“ಮನೆಗೆ ಹೋಗಿ ಯಾಕೆ? ಇಲ್ಲೇ ಕುಡಿ. ನೀರಿಲ್ವಾ?”

“ಐತೆ. ಇಲ್ಲಿ ಕುಡಿಯಲ್ಲ ನಾನು” ಎನ್ನುತ್ತಾರೆ ಶಕುಂತಲಮ್ಮ, ಧ್ವನಿ ತಗ್ಗಿಸಿ. “ಗಾಡಿ ಹತ್ರ ಬಾಯಿಗೆ ನೀರು ಹಾಕ್ಕೊಂಡಿದ್ದು ಯಾರಾದ್ರೂ ನೋಡಿದ್ರೆ, ಮತ್ತೆ ಊದೋಕೆ ಅಂದ್ಕೊಂಡ್ರೆ? ದೂರದಿಂದ ನೋಡೋರಿಗೆ ಕುಡಿಯೋದೂ ಒಂದೇ, ಊದೋದೂ ಒಂದೇ. ಅವತ್ತಿಂದ ಇಲ್ಲಿ ಕುಡ್ದಿಲ್ಲ. ಬಟ್ಟೆ ಇಲ್ಲದಿದ್ದಾಗ ಹೇಗೋ ಮನೆಗೆ ಹೋಗಿ ಬರ್ತಿದ್ದೆ. ಇವತ್ತು ಬಟ್ಟೆ ಬಿಟ್ಟು ಹೋಗೋದು ಹೆಂಗೆ?”

ಟೀಚರು ಸರಸರ ಮನೆಗೆ ಹೋಗಿ ಸ್ಟೀಲ್ ಲೋಟದಲ್ಲಿ ನೀರು ತಂದು ಚಾಚುತ್ತಾರೆ. ಆರಡಿಯ ಅಂತರವನ್ನು ಆ ಹೊತ್ತಿಗೆ ಅವರೂ ಮರೆತಿದ್ದಾರೆ. “ನಾನೇ ಹೇಳ್ತಿದೀನಲ್ಲ, ಕುಡಿ ಮಾರಾಯ್ತಿ. ಯಾರು ಏನು ಕೇಳ್ತಾರೋ ನಾನು ನೋಡ್ಕೋತೀನಿ.”

ಶಕುಂತಲಮ್ಮ ಲೋಟ ತೆಗೆದುಕೊಳ್ಳುತ್ತಾರೆ. ಬಟ್ಟೆಗಳ ಮೇಲೆ ಬಿಳಿ ಹಾಸನ್ನು ಮುಚ್ಚಿ, ಗಾಡಿಯಿಂದ ಹತ್ತು ಹೆಜ್ಜೆ ಆಚೆ, ರಸ್ತೆಯ ನಡುಮಧ್ಯಕ್ಕೆ ಹೋಗಿ ನಿಲ್ಲುತ್ತಾರೆ. ಮಾಸ್ಕು ಇಳಿಸಿ, ತಲೆಯೆತ್ತಿ, ಎತ್ತಿ ಹೊಯ್ದುಕೊಂಡು ಗಟಗಟನೆ ಕುಡಿಯುತ್ತಾರೆ. ಕುಡಿದು ಮುಗಿಸಿ, ಟೀಚರ ಕಡೆ ತಿರುಗಿ ಬಾಯಿ ಅಗಲ ತೆರೆದು ತೋರಿಸುತ್ತಾರೆ. ಆಮೇಲೆ ಮುಖವೆತ್ತಿ ಬಾಲ್ಕನಿಯ ಕಡೆಗೂ ಹಾಗೆಯೇ ತೋರಿಸುತ್ತಾರೆ. ಒಳಗೆ ನೀರು ಉಳಿದಿಲ್ಲ, ನೋಡಿಕೊಳ್ಳಿ ಎಂದು.

ಟೀಚರು ತಲೆ ತಗ್ಗಿಸುತ್ತಾರೆ. ಶ್ರೇಯಸ್ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಶಕುಂತಲಮ್ಮ ಮಾತ್ರ ಮಾಸ್ಕು ಏರಿಸಿಕೊಂಡು, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು, ಉಳಿದ ಎರಡು ಪಂಚೆಗಳನ್ನು ಇಸ್ತ್ರಿ ಮಾಡಿ ಮುಗಿಸುತ್ತಾರೆ. ಗಂಟು ಕಟ್ಟಿಕೊಡುವಾಗ ಟೀಚರು ಮದುವೆಗೆ ಬಾ ಎಂದು ಕರೆಯುತ್ತಾರೆ. ಜನರ ಮಿತಿ ಇದೆಯಲ್ಲ ಟೀಚರೇ ಎಂದು ಇವರು ನಗುತ್ತಾರೆ. ಕುರ್ಚಿ ಹಸಿರು ಗೇಟಿನೊಳಗೆ ಹೋಗುತ್ತದೆ.

ನಾಳೆ ಬೇರೆ ಮನೆಗಳಿಂದ ಬಟ್ಟೆ ಬರುತ್ತದೆಯೋ ಇಲ್ಲವೋ, ಶಕುಂತಲಮ್ಮನಿಗೆ ಗೊತ್ತಿಲ್ಲ. ಮತ್ತೆ ಎಲ್ಲ ಬಾಗಿಲು ಮುಚ್ಚಿಬಿಟ್ಟರೆ ಎಂಬ ಹೆದರಿಕೆಯೂ ಹೋಗಿಲ್ಲ. ಎಲ್ಲ ಸರಿಹೋದ ಮೇಲೆ ಏನಾಗಬೇಕು ನಿಮಗೆ ಎಂದು ಕೇಳಿದರೆ, ಆರುತ್ತಿರುವ ಕೆಂಡವನ್ನು ಕೆದಕುತ್ತ ಹೇಳುತ್ತಾರೆ.

“ಮೊದ್ಲಿನಷ್ಟೇ ಬಟ್ಟೆ ಬರ್ಬೇಕು ಅಂತ ಕೇಳಲ್ಲ. ಬಂದಷ್ಟು ಬರ್ಲಿ. ಬಾಯಾರಿದಾಗ ಇಲ್ಲೇ ನಿಂತು ನೀರು ಕುಡೀಬೇಕು, ಯಾರೂ ನನ್ನ ಬಾಯಿ ನೋಡ್ಬಾರ್ದು. ಅಷ್ಟಾದ್ರೆ ಸಾಕು ನಂಗೆ.”