ಕನ್ನಡಕದಕ್ಕನ ಮಾದರಿ ಮತಪತ್ರ

ಆ ಎಂಟು ದಿನಗಳ ಬಗ್ಗೆ ಕನ್ನಡಕದಕ್ಕ ಈಗ ನಗುತ್ತಲೇ ಹೇಳುತ್ತಾಳೆ. ಆಗ ಮಾತ್ರ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅವಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಹತ್ತೊಂಬತ್ತು ವರ್ಷಗಳಿಂದ ಕಿಟಕಿ ಪಕ್ಕದ ಅದೇ ಮೇಜು, ಅದೇ ಬಗ್ಗಿದ ದೀಪ, ಸಾಸಿವೆ ಗಾತ್ರದ ತಿರುಪುಗಳ ಅದೇ ಡಬ್ಬಿ. ಗಾಜು ಉಜ್ಜುವುದು, ಚೌಕಟ್ಟಿಗೆ ಕೂರಿಸುವುದು, ಕಿವಿಯ ಹಿಂದೆ ಒತ್ತುವ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸುವುದು. ಸಂಜೆ ಐದಕ್ಕೆ ಡಬ್ಬಿಯ ಮುಚ್ಚಳ ಹಾಕಿ ಕೈ ತೊಳೆದರೆ ಇನ್ನೊಂದು ಕೆಲಸ ಶುರು. ಚುನಾವಣೆ ಬರುವ ವರ್ಷಗಳಲ್ಲಿ ಅವಳು ಮನೆಮನೆಗೆ ಹೋಗಿ ಮತ ಹಾಕುವುದು ಹೇಗೆಂದು ತೋರಿಸಿಕೊಡುತ್ತಾಳೆ. ಹೇಗೆಂದು ಮಾತ್ರ, ಯಾರಿಗೆಂದು ಅಲ್ಲ. ಅವಳಿರುವ ಮತದಾರರ ಬಳಗಕ್ಕೆ ಇರುವುದು ಅದೊಂದೇ ಕಟ್ಟಳೆ.

ಬಳಗವೆಂದರೆ ಏಳು ಜನ, ವಾಚನಾಲಯದ ಹಿಂದಿನ ಒಂದು ಕೋಣೆ, ಮತ್ತು ಎಲ್ಲವನ್ನೂ ನಡೆಸುವ ನಿವೃತ್ತ ಗಣಿತದ ಮೇಷ್ಟ್ರು. ಯಾವುದಾದರೂ ಪಕ್ಷದ ಬಾವುಟದ ಬಣ್ಣ ಮೈಮೇಲಿದ್ದರೆ ಮೇಷ್ಟ್ರು ಬಟ್ಟೆ ಬದಲಿಸಿಕೊಂಡು ಬರಲು ಮನೆಗೆ ಕಳಿಸುತ್ತಾರೆ.

"ಪಕ್ಷಗಳು ಹೀಗೇ ಹುಟ್ತಾ ಹೋದ್ರೆ ಕೊನೆಗೆ ನಮಗೆ ಬೂದಿ ಬಣ್ಣ ಒಂದೇ ಉಳಿಯೋದು ಸಾರ್," ಎಂದು ಕನ್ನಡಕದಕ್ಕ ಒಮ್ಮೆ ಗೊಣಗಿದ್ದಳು.

"ಉಳೀಲಿ. ಬೂದಿ ಒಳ್ಳೇ ಬಣ್ಣ," ಎಂದಿದ್ದರು ಮೇಷ್ಟ್ರು.

ಅವಳು ಬಳಗ ಸೇರಿದ್ದು ಅವ್ವನಿಂದಾಗಿ. ಅವ್ವ ಪ್ರತಿ ಚುನಾವಣೆಗೂ ತಲೆ ಬಾಚಿಕೊಂಡು, ಎಲ್ಲರಿಗಿಂತ ಮೊದಲು ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದವಳು. ಒಂದು ದಿನ ಮಾತಿಗೆ ಮಾತು ಬಂದು, ತಾನು ಯಾವಾಗಲೂ ಇಬ್ಬರು ಅಭ್ಯರ್ಥಿಗಳ ಗುರುತಿನ ಮೇಲೂ ಮುದ್ರೆ ಒತ್ತುತ್ತೇನೆಂದು ಹೇಳಿಬಿಟ್ಟಳು. "ಇಬ್ರೂ ಬಾಗಿಲಿಗೆ ಬಂದು ಕೈ ಮುಗಿದಿರ್ತಾರೆ. ಒಬ್ರಿಗೆ ಹಾಕಿ ಇನ್ನೊಬ್ರಿಗೆ ಇಲ್ಲ ಅನ್ನೋಕಾಗುತ್ತೇನೇ?" ನಲವತ್ತು ವರ್ಷದ ಮತಗಳು ಹಾಗೆ ನೀರುಪಾಲಾಗಿದ್ದವು. ಮಗಳು ಅವ್ವನಿಗೆ ಅದನ್ನು ಹೇಳಲಿಲ್ಲ. ಮರುವಾರ ವಾಚನಾಲಯದ ಹಿಂದಿನ ಕೋಣೆಯ ಬಾಗಿಲು ತಟ್ಟಿದಳು.

ಅವಳ ಪಾಲಿಗೆ ಬಂದ ಎರಡು ಬೀದಿಗಳಲ್ಲಿ ಅವ್ವನಂಥವರು ಬಹಳ ಮಂದಿ. ಕಳೆದ ಸಲ ಅಲ್ಲಿಯ ಮತಗಟ್ಟೆಯಲ್ಲಿ ಎಂಬತ್ತೆರಡು ಮತಗಳು ಕುಲಗೆಟ್ಟಿದ್ದವು. ಗೆರೆಯ ಮೇಲೆ ಮುದ್ರೆ, ಎರಡೆರಡು ಮುದ್ರೆ, ಹೆಬ್ಬೆಟ್ಟಿನ ಗುರುತು. ಈ ಸಲ ಅವಳು ಕೂತು ಒಂದು ಮಾದರಿ ಮತಪತ್ರ ಬರೆದಳು. ಬಾಚಣಿಗೆ, ಚಮಚ, ಪೊರಕೆ ಒಂದು ಪಕ್ಷದ ಗುರುತೆಂದು ಅದರ ಬದಲು ಬಕೆಟ್ಟು, ಕೊನೆಗೆ ಒಂದು ಕನ್ನಡಕ. ಹಿಂದಿನ ಚುನಾವಣೆಯ ಗುರುತುಗಳ ಪಟ್ಟಿ ನೋಡಿ, ಈ ನಾಲ್ಕೂ ಅದರಲ್ಲಿಲ್ಲವೆಂದು ಮೇಷ್ಟ್ರು ಸಹಿ ಹಾಕಿದರು. ಇನ್ನೂರ ಹನ್ನೆರಡು ಮನೆಗಳಲ್ಲಿ ಅವಳು ಕಾಗದ ಬಿಡಿಸಿ, ಮುದ್ರೆಯನ್ನು ಮಸಿಗೆ ತಾಗಿಸಿ, ಮೊದಲು ತಾನು ಒತ್ತಿ ತೋರಿಸಿದಳು. ಕೈ ಪ್ರತಿಸಲವೂ ತಾನಾಗಿ ಕನ್ನಡಕದ ಮೇಲೇ ಹೋಗುತ್ತಿತ್ತು. ನೋಡಿದವರೂ ಅಲ್ಲೇ ಒತ್ತುತ್ತಿದ್ದರು.

ಮತದಾನಕ್ಕೆ ಎಂಟು ದಿನ ಇರುವಾಗ ವಾರ್ಡ್ ಕಚೇರಿಯ ಗೋಡೆಗೆ ಅಭ್ಯರ್ಥಿಗಳ ಪಟ್ಟಿ ಅಂಟಿಸಿದರು. ಐದನೆಯ, ಕೊನೆಯ ಹೆಸರು ಸೈಕಲ್ ಅಂಗಡಿಯವನದು, ಪಕ್ಷೇತರ. ಗುರುತು: ಕನ್ನಡಕ. ಆ ವರ್ಷದ ಪಟ್ಟಿಗೆ ಅದನ್ನು ಹೊಸದಾಗಿ ಸೇರಿಸಿದ್ದರು.

ಅವಳು ಆ ಸಾಲನ್ನು ಬೆರಳಿಟ್ಟು ಓದಿದಳು. ತನ್ನನ್ನು ನಂಬಿ ಬಾಗಿಲು ತೆರೆದವರ ಕೈ ಹಿಡಿದು, ತಾನೇ ಒಬ್ಬನ ಕಡೆ ಎಳೆದುಬಿಟ್ಟಿದ್ದೆ ಎನಿಸಿತು.

ಮನೆಯಲ್ಲಿ ಗಂಡನಿಗೆ ಹೇಳಿದರೆ, ಬಸ್ ಡಿಪೋದ ಮೆಕ್ಯಾನಿಕ್ಕಾದ ಆತ ಮೊದಲು ಅವಳ ಮುಖ ನೋಡಿ, ಆಮೇಲೆ ನಗು ತಡೆಯಲಾರದೆ, "ಅಲ್ಲ ಕಣೇ, ನೀನು ಮೂಗಿನ ಮೇಲೇ ಪ್ರಚಾರ ಏರಿಸ್ಕೊಂಡು ಓಡಾಡ್ತಿದ್ದೀಯಲ್ಲ!" ಎಂದ. ಅವಳು ಸಿಟ್ಟಿನಿಂದ ಕನ್ನಡಕ ತೆಗೆದಿಟ್ಟು, ಎರಡು ಹೆಜ್ಜೆ ನಡೆದು ಸ್ಟೂಲಿಗೆ ಎಡವಿದಳು.

"ಹಾಕ್ಕೋ ಮಾರಾಯ್ತಿ, ಕಾಲು ಮುರ್ಕೋಬೇಡ," ಎಂದು ಅವನೇ ತಂದುಕೊಟ್ಟ.

ಮೇಷ್ಟ್ರು ನಗಲಿಲ್ಲ. "ಈಗ ಮನೆಮನೆಗೆ ಹೋಗಿ ಕನ್ನಡಕಕ್ಕೆ ಒತ್ತಬೇಡಿ ಅಂತೀವಿ ಅನ್ಕೋ. ಅದು ಆ ಮನುಷ್ಯನ ವಿರುದ್ಧ ಪ್ರಚಾರ. ಸುಮ್ನಿದ್ರೆ ಅವನ ಪರ ಪ್ರಚಾರ."

"ಮತ್ತೇನು ಮಾಡೋದು ಸಾರ್?"

"ಕಾಗದ ಬದಲಿಸೋಣ. ಎಲ್ಲ ಮನೆಗೂ ಇನ್ನೊಂದ್ ಸಲ ಹೋಗು. ಯಾವ ಗುರುತಿನ ಮಾತೂ ಬೇಡ. ನೀನು ಒತ್ತಿ ತೋರಿಸ್ಬೇಡ, ಅವರೇ ಒತ್ತಲಿ." ಅವರು ಸ್ಕೇಲು ತೆಗೆದು ಚೌಕ, ತ್ರಿಕೋನ, ಷಡ್ಭುಜ ಎಳೆದರು. "ಷಡ್ಭುಜ ತಗೊಂಡು ಯಾವನೂ ಎಲೆಕ್ಷನ್ನಿಗೆ ನಿಲ್ಲಲ್ಲ. ತಪ್ಪು ನಂದೂ ಇದೆ, ಸಹಿ ಹಾಕಿದ್ದು ನಾನು. ಐದೂ ಅಭ್ಯರ್ಥಿಗಳಿಗೆ ಆದದ್ದನ್ನೆಲ್ಲ ಹೇಳಿ ಪತ್ರ ಬರೀತೀನಿ."

ಪತ್ರಕ್ಕೆ ನಾಲ್ವರು ಮುಖ ಗಂಟಿಕ್ಕಿದರು. ಸೈಕಲ್ ಅಂಗಡಿಯವನು ಮಾತ್ರ, "ಅಯ್ಯೋ, ತಿದ್ದೋದ್ಯಾಕೆ? ಚೆನ್ನಾಗೇ ಇತ್ತಲ್ಲ, ಬಿಡಿ ಮೇಷ್ಟ್ರೇ," ಎಂದನಂತೆ.

ಅವಳು ಅಂಗಡಿಗೆ ರಜೆ ಹಾಕಿ ನಡೆದಳು. ಕಿರಿದಾದ ಮೆಟ್ಟಿಲುಗಳು, ಚಪ್ಪಲಿ ರಾಶಿ ಬಿದ್ದ ಹೊಸ್ತಿಲುಗಳು, ಅರ್ಧ ತೆರೆದ ಬಾಗಿಲುಗಳು. ಯಾಕೆ ಮತ್ತೆ ಬಂದೆ ಎಂದರೆ, ಕಾಗದ ಬದಲಾಗಿದೆ ಎಂದಷ್ಟೇ ಹೇಳುವಳು. ನಾಲ್ಕನೆಯ ದಿನ ಇಸ್ತ್ರಿ ಅಜ್ಜಿಯ ಮನೆಗೆ ಬಂದಾಗ ಕಾಲುಗಳು ಸೋತಿದ್ದವು. ಅಜ್ಜಿ ಹಿಂದಿನ ಚುನಾವಣೆಯಲ್ಲಿ ಎರಡು ಮುದ್ರೆ ಒತ್ತಿದ್ದನ್ನು ತಾನೇ ಒಪ್ಪಿಕೊಂಡಿದ್ದವಳು.

"ಮತ್ತೆ ಪರೀಕ್ಷೇನಾ? ಮೊನ್ನೆ ಪಾಸಾಗಿದ್ನಲ್ಲ," ಎಂದಳು ಅಜ್ಜಿ, ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ.

"ಕಾಗದ ಬದಲಾಗಿದೆ ಅಜ್ಜಿ."

"ಯಾಕೆ, ಹಳೇದ್ರಲ್ಲಿ ಕನ್ನಡಕ ಇತ್ತು ಅಂತಲಾ?"

ಕನ್ನಡಕದಕ್ಕ ತಲೆ ಬಗ್ಗಿಸಿ ಮಸಿಯ ಡಬ್ಬಿ ಬಿಚ್ಚತೊಡಗಿದಳು.

"ನೀನು ಹೇಳ್ಬೇಡ, ನಿನ್ ಬಾಯಿಗೆ ಬೀಗ ಇದೆ ಅಂತ ಗೊತ್ತು. ನಾನ್ ಹೇಳ್ತೀನಿ ಕೇಳು. ಅವತ್ತು ನೀನು ಕನ್ನಡಕದ ಮೇಲೆ ಒತ್ತಿದಾಗ, ಪಾಪ, ಅಂಗಡಿ ಅಭ್ಯಾಸ ಅಂದ್ಕೊಂಡೆ. ನಾನಾಗಿದ್ರೆ ಇಸ್ತ್ರಿಪೆಟ್ಟಿಗೆ ಬರೀತಿದ್ದೆ. ಅಷ್ಟಕ್ಕೇ ಯಾವನಿಗೋ ವೋಟು ಹಾಕ್ಬಿಡ್ತೀನಾ? ಐವತ್ತು ವರ್ಷದಿಂದ ಯಾರ್ಯಾರ ಅಂಗಿ ಎಲ್ಲೆಲ್ಲಿ ಕೊಳೆ ಆಗುತ್ತೆ ಅಂತ ನೋಡಿದೋಳು ನಾನು." ಅಜ್ಜಿ ಹೊಸ ಕಾಗದ ಕಸಿದುಕೊಂಡು, ಷಡ್ಭುಜದ ನಟ್ಟನಡುವೆ ಒಂದೇ ಒಂದು ಮುದ್ರೆ ಕುಟ್ಟಿದಳು. "ಎಲ್ಲಿ ಒತ್ಬೇಕು ಅಂತ ನಿನ್ ಹತ್ರ ಕಲೀಲಿಲ್ಲ. ಒಂದೇ ಸಲ ಒತ್ಬೇಕು ಅಂತ ಕಲ್ತೆ. ಕೂತ್ಕೋ, ನೀರು ಕುಡಿ."

ಅವಳು ಕೂತಳು. ಬಿಸಿ ಬಟ್ಟೆಯ ವಾಸನೆಯ ಆ ಪುಟ್ಟ ಕೋಣೆಯಲ್ಲಿ, ನಾಲ್ಕು ದಿನಗಳಲ್ಲಿ ಮೊದಲ ಸಲ ಉಸಿರು ಎದೆಯ ತಳದವರೆಗೂ ಇಳಿಯಿತು. ಆದರೆ ಎಲ್ಲರೂ ಇಸ್ತ್ರಿ ಅಜ್ಜಿಯಷ್ಟು ಚುರುಕಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಎಣಿಕೆಯ ಮರುದಿನ ಬೆಳಿಗ್ಗೆ ಮತಗಟ್ಟೆವಾರು ಲೆಕ್ಕವನ್ನು ವಾರ್ಡ್ ಕಚೇರಿಯ ಹೊರಗೆ ಹಾಕಿದರು. ಯಾರು ಗೆದ್ದರೆಂದು ನೋಡುವವರು ನೂಕಾಡುತ್ತಿದ್ದರು. ಮೇಷ್ಟ್ರು ಮತ್ತು ಅವಳು ಗೆದ್ದವರ ಸಾಲನ್ನು ದಾಟಿ ಕೆಳಗೆ ಹುಡುಕಿದರು. ಕನ್ನಡಕಕ್ಕೆ ಅವಳ ಎರಡು ಬೀದಿಗಳ ಮತಗಟ್ಟೆಯಲ್ಲಿ ಹತ್ತೊಂಬತ್ತು ಮತ. ಅವಳು ಕಾಲಿಡದ ಪಕ್ಕದ ಮತಗಟ್ಟೆಯಲ್ಲಿ ಇಪ್ಪತ್ತಮೂರು.

"ಕಡಿಮೇನೇ ಬಂತಲ್ಲ ಸಾರ್! ಹಾಗಾದ್ರೆ ನಾವು ಅವನ ವಿರುದ್ಧ ಏನಾದ್ರೂ..."

"ನಾಲ್ಕು ಮತ ಕಣಮ್ಮ. ಅದು ವ್ಯತ್ಯಾಸವೇ ಅಲ್ಲ, ಗಣಿತದಲ್ಲಿ. ಕೆಳಗಿನ ಸಾಲು ನೋಡು."

ಕುಲಗೆಟ್ಟ ಮತ: ಆರು.

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಹಾಕಿಕೊಂಡು, ಮತ್ತೆ ಓದಿದಳು. ಎಂಬತ್ತೆರಡರಿಂದ ಆರು. ಕಚೇರಿಯ ಮೆಟ್ಟಿಲ ಮೇಲೆ ಧೊಪ್ಪನೆ ಕೂತು, ಮುಖಕ್ಕೆ ಕೈ ಹಚ್ಚಿ ನಕ್ಕಳು. ನಕ್ಕು ಸುಸ್ತಾದ ಮೇಲೆ ಕಣ್ಣೊರೆಸಿಕೊಂಡು ಮತ್ತೆ ಪಟ್ಟಿಯ ಕಡೆ ನೋಡಿದಳು.

"ಸಾರ್, ಆ ಆರು ಜನ ಯಾರಿರ್ಬಹುದು?"

"ಅಮ್ಮಾ ತಾಯಿ," ಎಂದರು ಮೇಷ್ಟ್ರು, "ಮನೆಗೆ ಹೋಗಿ ಮಲಕ್ಕೋ."